ಸಾಂಕ್ರಾಮಿಕದ ಕಾಲದಲ್ಲಿ ಸಕ್ಕರೆ ಕಾಯಿಲೆ

ಸಾಂಕ್ರಾಮಿಕ ರೋಗ ಬಂದು ಹೋಗುವಂಥದು. ಸಕ್ಕರೆ ಕಾಯಿಲೆ ಬಂದರೆ ಉಳಿದುಬಿಡುವಂಥದು. ಇವೆರಡೂ ಒಂದೇ ಮೈಯಲ್ಲಿ ಸೇರಿದರೆ ಏನಾಗುತ್ತದೆ ಎಂಬುದನ್ನು 2020 ಮತ್ತು 2021ರಲ್ಲಿ ಕೋವಿಡ್ ಮನೆಮನೆಗೂ ತಿಳಿಸಿತು. ಆದರೆ ಈ ಕಥೆ ಹೊಸದಲ್ಲ.

ನಮ್ಮ ಪ್ರಾಚೀನ ವೈದ್ಯರು ಮಧುಮೇಹವನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಹುಟ್ಟಿನಿಂದ ಬರುವ ಬಗೆ ಒಂದು, ಆಹಾರದ ಅಪಥ್ಯದಿಂದ ಬರುವ ಬಗೆ ಇನ್ನೊಂದು ಎಂದು ಸುಶ್ರುತ ವಿಂಗಡಿಸಿದ್ದಾನೆ. ಮೊದಲಿನವನು ಕೃಶ, ಎರಡನೆಯವನು ಸ್ಥೂಲ. ಬಡ ರೋಗಿಗೆ ಅವನು ಹೇಳಿದ ಮದ್ದು ಸೋಜಿಗದ್ದು: ನೂರು ಯೋಜನ ನಡೆ, ಇಲ್ಲವೇ ಬಾವಿ ತೋಡು! ಬೊಜ್ಜು ಕರಗಿಸಲು ಇಂದಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

1918ರಲ್ಲಿ ಇನ್‌ಫ್ಲುಯೆಂಜಾ ಮುಂಬಯಿಯ ಮೂಲಕ ಭಾರತಕ್ಕೆ ಕಾಲಿಟ್ಟಾಗ ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜು. ಆಗ ಜಗತ್ತಿನಲ್ಲೆಲ್ಲೂ ಇನ್ಸುಲಿನ್ ಇರಲಿಲ್ಲ. ಅಮೆರಿಕದ ವೈದ್ಯ ಫ್ರೆಡರಿಕ್ ಆಲನ್ ರೂಢಿಗೆ ತಂದಿದ್ದ ಉಪವಾಸದ ಪಥ್ಯವೇ ಗತಿ. ಸೋಂಕು ತಗುಲಿದಾಗ ಶರೀರ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತದೆ. ರಕ್ತದ ಸಕ್ಕರೆ ಏರುತ್ತದೆ. ಇನ್ಸುಲಿನ್ ಇಲ್ಲದ ಮಗುವಿಗೆ ಸಾಮಾನ್ಯ ಜ್ವರವೂ ಪ್ರಾಣಾಂತಿಕವಾಗಬಲ್ಲದಾಗಿತ್ತು.

ಅಮೆರಿಕದ ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ 1919ರಲ್ಲಿ ಈ ಕಾಯಿಲೆ ಕಾಣಿಸಿಕೊಂಡಿತು. ಆಲನ್ ಪಥ್ಯದಲ್ಲಿ ಮೂರು ವರ್ಷ ಉಳಿದ ಆಕೆಯ ತೂಕ 20 ಕಿಲೋ ಆಸುಪಾಸಿಗೆ ಇಳಿದಿತ್ತು. ಅಷ್ಟರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬೇರ್ಪಡಿಸಿದ್ದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಚುಚ್ಚುಮದ್ದು; ಅದೇ ಆಗಸ್ಟಿನಲ್ಲಿ ಎಲಿಜಬೆತ್‌ಗೆ. ಆಕೆ 1981ರವರೆಗೆ ಬದುಕಿದರು.

ಬೊಜ್ಜಿನ ಪಾತ್ರ ಸ್ಪಷ್ಟವಾಗಿ ಗೋಚರಿಸಿದ್ದು 2009ರ ಎಚ್1ಎನ್1 ಜ್ವರದಲ್ಲಿ. ಅತಿ ತೂಕದವರಲ್ಲಿ ರೋಗ ಉಲ್ಬಣಿಸುವುದು ಹೆಚ್ಚೆಂದು ವೈದ್ಯರು ಕಂಡುಕೊಂಡರು. ಹೊಟ್ಟೆಯ ಕೊಬ್ಬು ಶ್ವಾಸಕೋಶ ಹಿಗ್ಗಲು ಅಡ್ಡಿಯಾಗುತ್ತದೆ. ಶರೀರದಲ್ಲಿ ಸದಾ ಸಣ್ಣ ಉರಿಯೂತವನ್ನೂ ಉಳಿಸುತ್ತದೆ. ಕೋವಿಡ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮತ್ತೆ ತೋರಿಸಿತು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಬೆಳಗಿನ ವಾಕಿಂಗ್ ನಿಂತಿತು, ಸಕ್ಕರೆ ಪರೀಕ್ಷೆ ಮುಂದೆ ಹೋಯಿತು. ಅದೇ ವೇಳೆಗೆ ಕೇಂದ್ರ ಸರ್ಕಾರ ದೂರವಾಣಿ, ವಿಡಿಯೋ ಮೂಲಕದ ವೈದ್ಯ ಸಲಹೆಗೆ ನಿಯಮಾವಳಿ ಹೊರಡಿಸಿದ್ದು ಅನೇಕರಿಗೆ ಆಸರೆಯಾಯಿತು.

ಆ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗವೊಂದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಪ್ರಾಣ ಉಳಿಸುತ್ತದೆಂದು ಸಾರಿತು. ಆದರೆ ಪ್ರಯೋಜನ ಆಮ್ಲಜನಕ ಬೇಕಾದವರಿಗೆ ಮಾತ್ರ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ರೋಗ ನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಎರಡನೇ ಅಲೆಯಲ್ಲಿ ಅಗತ್ಯವಿಲ್ಲದವರೂ ಅದನ್ನು ನುಂಗಿದರು. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವ ಬೂಷ್ಟು ಅಂಥವರ ಮೂಗು, ಕಣ್ಣುಗಳಿಗೆ ಇಳಿಯಿತು. ಜನ ಅದನ್ನು ‘ಕಪ್ಪು ಶಿಲೀಂಧ್ರ’ ಎಂದರು. ಬಲಿಯಾದವರಲ್ಲಿ ಹೆಚ್ಚಿನವರು ಮಧುಮೇಹಿಗಳು. ಹಲವರು ಕಣ್ಣನ್ನೇ ತೆಗೆಸಬೇಕಾಯಿತು. ಆಂಫೊಟೆರಿಸಿನ್ ಮದ್ದಿಗಾಗಿ ಬಂಧುಗಳು ಊರೆಲ್ಲ ಅಲೆದರು. 2021ರ ಮೇ ತಿಂಗಳಲ್ಲಿ ಈ ರೋಗದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಿಸುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿತು. ಅದಕ್ಕೆ ಆಧಾರವಾದ ಕಾಯಿದೆ 1897ರದು, ಮುಂಬಯಿ ಪ್ಲೇಗಿನ ಕಾಲದ್ದು ಎಂಬುದು ಗಮನಾರ್ಹ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಬಲಿತ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ವಯಸ್ಕರಲ್ಲಿ ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು. ಮುಂದಿನ ಸಾಂಕ್ರಾಮಿಕ ಯಾವುದೇ ಇರಲಿ, ಅದು ಮೊದಲು ಹುಡುಕುವುದು ಇವರನ್ನೇ.

ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ ತಾವಾಗಿ ನಿಲ್ಲಿಸಬಾರದು. ಸಕ್ಕರೆಯನ್ನು ಮೇಲಿಂದ ಮೇಲೆ ಪರೀಕ್ಷಿಸಬೇಕು, ನೀರು ಕುಡಿಯುತ್ತಿರಬೇಕು, ಯಾವ ಮಾತ್ರೆ ಮುಂದುವರಿಸಬೇಕೆಂದು ವೈದ್ಯರನ್ನೇ ಕೇಳಬೇಕು. ಉಳಿದ ದಿನಗಳಿಗೆ ಸುಶ್ರುತನ ಮಾತು ಇದ್ದೇ ಇದೆ. ನೂರು ಯೋಜನ ಬೇಡ, ದಿನಕ್ಕೆ ಅರ್ಧ ಗಂಟೆ ನಡೆದರೂ ಸಾಕು.