ಮಣಿಕಟ್ಟಿನ ಮಾರ್ಗ: ಹೃದಯಧಮನಿ ಚಿಕಿತ್ಸೆಯ ಸುರಕ್ಷತೆಯ ಇತಿಹಾಸ ಮತ್ತು ಅಂಕೋಲಾ ಕರಾವಳಿ

ಹೃದಯಕ್ಕೆ ರಕ್ತ ಪೂರೈಸುವ ಧಮನಿಗಳಲ್ಲಿ ಉಂಟಾದ ತಡೆಯನ್ನು ಎದೆ ತೆರೆಯದೆ ನಿವಾರಿಸುವ ಆಂಜಿಯೋಪ್ಲಾಸ್ಟಿ ಚಿಕಿತ್ಸೆ ಇಂದು ಕರ್ನಾಟಕದ ಜನಸಾಮಾನ್ಯರಿಗೂ ಪರಿಚಿತವಾಗಿದೆ. ತೆಳುವಾದ ನಳಿಕೆಯನ್ನು ರಕ್ತನಾಳದ ಮೂಲಕ ಹೃದಯದವರೆಗೆ ಸಾಗಿಸಿ, ತಡೆಯಿರುವಲ್ಲಿ ಬಲೂನನ್ನು ಹಿಗ್ಗಿಸಿ, ಸ್ಟೆಂಟ್ ಕೂರಿಸುವುದು ಇದರ ಕ್ರಮ. ನಳಿಕೆಯನ್ನು ದೇಹದ ಯಾವ ಭಾಗದಿಂದ ಒಳಗೆ ಬಿಡಬೇಕು ಎಂಬುದು ಮೇಲುನೋಟಕ್ಕೆ ಗೌಣ ಪ್ರಶ್ನೆ. ಆದರೆ ರೋಗಿಗೆ ಎದುರಾಗುತ್ತಿದ್ದ ಅಪಾಯಗಳಲ್ಲಿ ಒಂದು ಪಾಲು ಹೃದಯದಲ್ಲಿರದೆ ಈ ಪ್ರವೇಶದ್ವಾರದಲ್ಲಿಯೇ ಇತ್ತೆಂಬುದು ಚಿಕಿತ್ಸೆಯ ಇತಿಹಾಸದಿಂದ ತಿಳಿದುಬರುತ್ತದೆ. ದೂರದ ಆಸ್ಪತ್ರೆಗಳನ್ನು ನೆಚ್ಚಿಕೊಳ್ಳಬೇಕಾಗಿ ಬಂದ ಬೇಲೆಕೇರಿಯಂತಹ ಊರುಗಳ ದೃಷ್ಟಿಯಿಂದ ಈ ಇತಿಹಾಸಕ್ಕೆ ವಿಶೇಷ ಮಹತ್ವವಿದೆ.

ತೋಳಿನಿಂದ ತೊಡೆಗೆ

ಹೃದಯದೊಳಕ್ಕೆ ನಳಿಕೆ ಸಾಗಿಸುವ ಪ್ರಯತ್ನ ಆರಂಭವಾದದ್ದು ತೋಳಿನಿಂದಲೇ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ಮೊಣಕೈ ಬಳಿಯ ಅಭಿಧಮನಿಯಲ್ಲಿ ನಳಿಕೆಯನ್ನು ತೂರಿಸಿ, ಅದು ಹೃದಯ ತಲುಪಿದ್ದನ್ನು ಎಕ್ಸ್‌-ರೇ ಮೂಲಕ ದೃಢಪಡಿಸಿದನು. 1956ರ ನೊಬೆಲ್ ಪ್ರಶಸ್ತಿಯಲ್ಲಿ ಆತನಿಗೂ ಪಾಲು ದೊರೆಯಿತು. 1948ರಲ್ಲಿ ಸ್ವೀಡನ್ನಿನ ಸ್ಟಿಗ್ ರಾಡ್ನರ್ ಮಹಾಧಮನಿಯ ಚಿತ್ರಣಕ್ಕೆ ಮಣಿಕಟ್ಟಿನ ರೇಡಿಯಲ್ ಧಮನಿಯನ್ನು ಬಳಸಿದ್ದುಂಟು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಹೃದಯಧಮನಿಯ ಚಿತ್ರಣವನ್ನು ಸಾಧಿಸಿದ್ದೂ ತೋಳಿನ ಮಾರ್ಗದಿಂದಲೇ.

ಆದರೂ ಮುಂದಿನ ದಶಕಗಳಲ್ಲಿ ಪ್ರಾಧಾನ್ಯ ದೊರೆತದ್ದು ತೊಡೆಸಂದಿನ ಧಮನಿಗೆ. ಧಮನಿಯನ್ನು ಕೊಯ್ಯದೆ ಸೂಜಿ ಮತ್ತು ತಂತಿಯ ನೆರವಿನಿಂದ ನಳಿಕೆ ಸೇರಿಸುವ ವಿಧಾನವನ್ನು 1953ರಲ್ಲಿ ಸೆಲ್ಡಿಂಗರ್ ಪ್ರಕಟಿಸಿದನು. 1967ರಲ್ಲಿ ಜಡ್ಕಿನ್ಸ್ ಹೃದಯಧಮನಿಗಳ ಬಾಯಿಗೆ ಸುಲಭವಾಗಿ ಹೊಂದಿಕೊಳ್ಳುವ ಬಾಗುಳ್ಳ ನಳಿಕೆಗಳನ್ನು ಬಳಕೆಗೆ ತಂದನು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯಧಮನಿಯಲ್ಲಿ ಮೊದಲ ಬಲೂನ್ ಚಿಕಿತ್ಸೆ ನಡೆಸಿದ್ದೂ ತೊಡೆಸಂದಿನ ಮಾರ್ಗದಿಂದ. ಆಗಿನ ಉಪಕರಣಗಳು ದಪ್ಪವಾಗಿದ್ದುದರಿಂದ ಅಗಲವಾದ ಧಮನಿಯೇ ಬೇಕಾಗಿತ್ತು.

ಈ ಅನುಕೂಲದೊಂದಿಗೆ ಒಂದು ಅಪಾಯವೂ ಬಂದಿತು. ಚಿಕಿತ್ಸೆಯ ಕಾಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಮೊದಲಾದ ಔಷಧಗಳನ್ನು ಕೊಡಲಾಗುತ್ತದೆ. ತೊಡೆಸಂದಿನ ಧಮನಿ ಆಳದಲ್ಲಿರುವುದರಿಂದ ಅಲ್ಲಿ ಸೋರಿದ ರಕ್ತ ಹೊರಗೆ ಕಾಣದೆ ಕಿಬ್ಬೊಟ್ಟೆಯ ಹಿಂಭಾಗದಲ್ಲಿ ಶೇಖರಗೊಳ್ಳಬಹುದು. ಹೃದಯದ ಚಿಕಿತ್ಸೆ ಯಶಸ್ವಿಯಾದ ಮೇಲೂ ರಕ್ತಸ್ರಾವದಿಂದ ಜೀವ ಹೋಗುವ ಸಂಭವ ಇದರಿಂದ ಉಂಟಾಯಿತು.

ಮಣಿಕಟ್ಟಿಗೆ ಮರಳಿದ್ದು

ಮಣಿಕಟ್ಟಿನ ರಚನೆಯಲ್ಲಿ ಈ ಸಮಸ್ಯೆಗೆ ಉತ್ತರವಿತ್ತು. ನಾಡಿ ಹಿಡಿಯುವಾಗ ಬೆರಳಿಗೆ ತಾಕುವ ರೇಡಿಯಲ್ ಧಮನಿ ಚರ್ಮದ ಕೆಳಗೆ, ಮೂಳೆಯ ಮೇಲೆಯೇ ಇದೆ. ರಕ್ತ ಸೋರಿದರೆ ಕೂಡಲೇ ಕಾಣುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಕಿರುಬೆರಳ ಪಕ್ಕದಿಂದ ಬರುವ ಅಲ್ನಾರ್ ಧಮನಿ ಅಂಗೈಯಲ್ಲಿ ಇದರೊಂದಿಗೆ ಕಮಾನಿನಂತೆ ಕೂಡಿಕೊಳ್ಳುವುದರಿಂದ, ಒಂದು ಮುಚ್ಚಿದರೂ ಸಾಮಾನ್ಯವಾಗಿ ಇನ್ನೊಂದು ಕೈಯನ್ನು ಪೋಷಿಸುತ್ತದೆ. ಈ ಪರ್ಯಾಯ ಪೂರೈಕೆಯನ್ನು ಪರೀಕ್ಷಿಸುವ ಸರಳ ವಿಧಾನವನ್ನು ಎಡ್ಗರ್ ಅಲೆನ್ ವಿವರಿಸಿದ್ದು 1929ರಲ್ಲಿ, ಫೋರ್ಸ್‌ಮನ್ ಪ್ರಯೋಗ ನಡೆದ ವರ್ಷದಲ್ಲಿಯೇ.

ಉಪಕರಣಗಳು ತೆಳುವಾದ ಬಳಿಕ, 1989ರಲ್ಲಿ ಮಾಂಟ್ರಿಯಲ್‌ನ ಲೂಸಿಯನ್ ಕಾಂಪೊ 100 ರೋಗಿಗಳಲ್ಲಿ ಮಣಿಕಟ್ಟಿನ ಮೂಲಕ ಹೃದಯಧಮನಿ ಚಿತ್ರಣ ನಡೆಸಿದ ಅನುಭವವನ್ನು ಪ್ರಕಟಿಸಿದನು. 1992ರಲ್ಲಿ ಆಂಸ್ಟರ್‌ಡ್ಯಾಮ್‌ನ ಫರ್ಡಿನಂಡ್ ಕೀಮನೈ ಇದೇ ದಾರಿಯಿಂದ ಆಂಜಿಯೋಪ್ಲಾಸ್ಟಿ ಮಾಡಿದನು. ಭಾರತದಲ್ಲಿ ಈ ವಿಧಾನವನ್ನು ಬೆಳೆಸಿದವರಲ್ಲಿ ಅಹಮದಾಬಾದಿನ ಡಾ. ತೇಜಸ್ ಪಟೇಲ್ ಅವರ ಹೆಸರು ಪ್ರಮುಖವಾಗಿದೆ.

ಸುರಕ್ಷತೆಯ ಪರೀಕ್ಷೆ

1997ರಲ್ಲಿ ಪ್ರಕಟವಾದ 900 ರೋಗಿಗಳ ಅಧ್ಯಯನದಲ್ಲಿ ಪ್ರವೇಶಸ್ಥಳದ ದೊಡ್ಡ ತೊಡಕುಗಳು ತೊಡೆಸಂದಿನ ಗುಂಪಿನಲ್ಲಿ ಶೇ. 2.0, ಮೊಣಕೈ ಗುಂಪಿನಲ್ಲಿ ಶೇ. 2.3ರಷ್ಟಿದ್ದವು. ಮಣಿಕಟ್ಟಿನ ಗುಂಪಿನಲ್ಲಿ ಒಂದೂ ಇರಲಿಲ್ಲ. ಆದರೆ ಧಮನಿಯೊಳಗೆ ನಳಿಕೆ ಸೇರಿಸುವ ಯಶಸ್ಸು ಮಣಿಕಟ್ಟಿನಲ್ಲಿ ಸುಮಾರು ಶೇ. 93 ಮಾತ್ರವಾಗಿ, ತೊಡೆಸಂದಿನಲ್ಲಿ ಹೆಚ್ಚುಕಡಿಮೆ ಪೂರ್ಣವಾಗಿತ್ತು.

2011ರ ರೈವಲ್ ಅಧ್ಯಯನ ಭಾರತವೂ ಸೇರಿದಂತೆ 32 ದೇಶಗಳ 7,021 ರೋಗಿಗಳನ್ನು ಒಳಗೊಂಡಿತ್ತು. ಮರಣ, ಹೃದಯಾಘಾತ, ಪಾರ್ಶ್ವವಾಯು ಮತ್ತು ದೊಡ್ಡ ರಕ್ತಸ್ರಾವಗಳ ಒಟ್ಟು ಪ್ರಮಾಣದಲ್ಲಿ ಎರಡು ಮಾರ್ಗಗಳ ನಡುವೆ ನಿರ್ಣಾಯಕ ವ್ಯತ್ಯಾಸ ಕಾಣಲಿಲ್ಲ. ಪ್ರವೇಶಸ್ಥಳದಲ್ಲಿ ರಕ್ತ ದೊಡ್ಡದಾಗಿ ಗಡ್ಡೆಕಟ್ಟಿದ ಪ್ರಕರಣಗಳು ಮಾತ್ರ ತೊಡೆಯಲ್ಲಿ 106, ಮಣಿಕಟ್ಟಿನಲ್ಲಿ 42. ಇಟಲಿಯಲ್ಲಿ ತೀವ್ರ ಹೃದಯಾಘಾತದ 1,001 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಸಂಬಂಧಿ ಮರಣ ಶೇ. 9.2ರಿಂದ ಶೇ. 5.2ಕ್ಕೆ ಇಳಿದಿತ್ತು. 2015ರಲ್ಲಿ 8,404 ರೋಗಿಗಳ ಮ್ಯಾಟ್ರಿಕ್ಸ್ ಅಧ್ಯಯನವೂ ಮಣಿಕಟ್ಟಿನ ಪರವಾಗಿ ಬಂದಿತು. 2020ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಮರಣಪ್ರಮಾಣದ ವ್ಯತ್ಯಾಸ ಕಂಡುಬರಲಿಲ್ಲ. ಹೀಗಾಗಿ ರಕ್ತಸ್ರಾವ ತಗ್ಗುವುದು ನಿಸ್ಸಂದೇಹ. ಮರಣ ತಗ್ಗುವ ಪ್ರಮಾಣವು ರೋಗದ ತೀವ್ರತೆ ಮತ್ತು ವೈದ್ಯತಂಡದ ಅನುಭವವನ್ನು ಅವಲಂಬಿಸಿದೆ. 2018ರ ಯುರೋಪಿನ ಮಾರ್ಗಸೂಚಿಯೂ 2021ರ ಅಮೆರಿಕದ ಮಾರ್ಗಸೂಚಿಯೂ ಮಣಿಕಟ್ಟಿಗೆ ಮೊದಲ ಆದ್ಯತೆ ನೀಡಿವೆ.

ಮಣಿಕಟ್ಟಿನ ಮಾರ್ಗಕ್ಕೆ ತನ್ನದೇ ತೊಡಕುಗಳೂ ಇವೆ. ಧಮನಿ ಸೆಡೆತುಕೊಳ್ಳಬಹುದು. ಚಿಕಿತ್ಸೆಯ ಬಳಿಕ ಸದ್ದಿಲ್ಲದೆ ಮುಚ್ಚಿಕೊಳ್ಳಲೂಬಹುದು. ಮಣಿಕಟ್ಟನ್ನು ಅತಿಯಾಗಿ ಬಿಗಿಯದೆ, ರಕ್ತದ ಹರಿವನ್ನು ಉಳಿಸಿಕೊಂಡೇ ಸ್ರಾವ ನಿಲ್ಲಿಸಿದರೆ ಇದನ್ನು ತಗ್ಗಿಸಬಹುದೆಂದು 2008ರ ಅಧ್ಯಯನವೊಂದು ತೋರಿಸಿತು. ಅದರಲ್ಲಿ ಒಂದು ದಿನದ ಬಳಿಕ ಧಮನಿ ಮುಚ್ಚಿದ ಪ್ರಮಾಣ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. 2017ರಲ್ಲಿ ಕೀಮನೈ ಹೆಬ್ಬೆರಳ ಬುಡದ ಗುಳಿಯಿಂದ, ಅಂದರೆ ಕೈಯ ಹಿಂಬದಿಯಿಂದಲೇ, ಪ್ರವೇಶಿಸುವ ಕ್ರಮವನ್ನು ಮುಂದಿಟ್ಟನು. 2022ರಲ್ಲಿ 1,307 ರೋಗಿಗಳ ಹೋಲಿಕೆಯಲ್ಲಿ ಧಮನಿ ಮುಚ್ಚುವಿಕೆ ಈ ಕ್ರಮದಲ್ಲಿ ಶೇ. 0.31, ಮಣಿಕಟ್ಟಿನಲ್ಲಿ ಶೇ. 0.91 ಆಗಿತ್ತು. ಎಚ್ಚರಿಕೆ ವಹಿಸಿದಲ್ಲಿ ಎರಡೂ ಸುರಕ್ಷಿತವೆಂಬುದು ಇದರ ಸಾರ. ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಉಳಿಸಿಕೊಳ್ಳಬೇಕಾದ ಮೂತ್ರಪಿಂಡ ರೋಗಿಗಳಲ್ಲಿ ಬೇರೆ ಮಾರ್ಗವನ್ನು ಯೋಚಿಸಬೇಕಾಗುತ್ತದೆ.

ಕರಾವಳಿಯ ಹಾದಿ

ಬೇಲೆಕೇರಿ ಅಂಕೋಲಾ ತಾಲ್ಲೂಕಿನ ಬಂದರು ಗ್ರಾಮ. ಬಲೆ ಎಳೆಯುವ, ಗದ್ದೆಯಲ್ಲಿ ದುಡಿಯುವ ಜನರಿಗೆ ಕೈಯೇ ಜೀವನಾಧಾರ. ಆದ್ದರಿಂದ ಈ ಚಿಕಿತ್ಸೆಯಿಂದ ಕೈಯ ಬಲ ಕುಂದುವುದೇ ಎಂಬ ಆತಂಕ ಅಲ್ಲಿ ಸಹಜ. ಶಾಶ್ವತ ಊನ ವಿರಳವೆಂಬುದು ಈವರೆಗಿನ ಅನುಭವ.

ಅದಕ್ಕಿಂತ ದೊಡ್ಡ ಪ್ರಶ್ನೆ ದೂರದ್ದು. 2016ರಲ್ಲಿ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತಾದರೂ, ಹೃದ್ರೋಗದ ವಿಶೇಷ ಚಿಕಿತ್ಸೆಗೆ ಜಿಲ್ಲೆಯ ಜನ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳತ್ತ ಹೋಗುವುದು ರೂಢಿಯಾಗಿತ್ತು. ಅಂಕೋಲೆಯಿಂದ ಮಣಿಪಾಲಕ್ಕೆ ಸುಮಾರು 180 ಕಿ.ಮೀ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತಷ್ಟು ಬಲಗೊಂಡಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಅಂದರೆ ಅದೇ ಹೆಸರಿನ ಬೇರೊಂದು ಊರಿನಲ್ಲಿ, ಗುಡ್ಡ ಕುಸಿದು ದಕ್ಷಿಣಕ್ಕೆ ಹೋಗುವ ಹೆದ್ದಾರಿಯೇ ಹಲವು ದಿನ ಬಂದಾಯಿತು.

ಇಂತಹ ದೂರದಲ್ಲಿ ಹೃದಯಾಘಾತದ ರೋಗಿಗೆ ಸಮೀಪದ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ಬಳಿಕ ಆಂಜಿಯೋಪ್ಲಾಸ್ಟಿ ಕೇಂದ್ರಕ್ಕೆ ಕಳುಹಿಸುವುದು ಸ್ವೀಕೃತ ಕ್ರಮ. ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆಯೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರಿಶೀಲನೆ ಮತ್ತು ಈ ಚುಚ್ಚುಮದ್ದಿನ ಸೌಲಭ್ಯವನ್ನು ಉದ್ದೇಶಿಸಿದೆ. ಆದರೆ ಹೃದಯದ ಹೆಪ್ಪನ್ನು ಕರಗಿಸುವ ಔಷಧವೇ ಚುಚ್ಚಿದ ಧಮನಿಯಿಂದ ರಕ್ತ ನಿಲ್ಲದಂತೆಯೂ ಮಾಡಬಲ್ಲದು. ಆದುದರಿಂದ ಹೀಗೆ ಬಂದ ರೋಗಿಗೆ ಒತ್ತಿ ಹಿಡಿಯಬಹುದಾದ ಮಣಿಕಟ್ಟು ಹೆಚ್ಚಿನ ರಕ್ಷಣೆ ನೀಡುತ್ತದೆ.

ಉಪಸಂಹಾರ

ತೋಳಿನಿಂದ ತೊಡೆಗೆ ಸಾಗಿ, ಪುನಃ ಕೈಗೆ ಮರಳಿದ ಈ ಇತಿಹಾಸದಲ್ಲಿ ಸುರಕ್ಷತೆ ಮೂರು ಅಂಶಗಳಿಂದ ಒದಗಿದೆ: ಕೈಯ ರಚನೆ, ತೆಳುವಾದ ಉಪಕರಣ, ಅಭ್ಯಾಸವುಳ್ಳ ತಂಡ. ಬೇಲೆಕೇರಿಯ ರೋಗಿಗೆ ನಾಲ್ಕನೆಯದೊಂದು ಅಗತ್ಯ. ಅದು ಸಕಾಲದಲ್ಲಿ ತಲುಪಬಹುದಾದ ಆಸ್ಪತ್ರೆ. ಮಣಿಕಟ್ಟಿನ ಮಾರ್ಗವು ರಕ್ತಸ್ರಾವದ ಅಪಾಯವನ್ನು ತಗ್ಗಿಸಿದೆ. ಹೆದ್ದಾರಿಯ ದೂರವನ್ನು ತಗ್ಗಿಸುವ ಹೊಣೆ ಆಡಳಿತದ್ದು.