ವಿಮಾನಗಳ ಅಧಿಕ ಕಾಯ್ದಿರಿಸುವಿಕೆ
ವಿಮಾನದಲ್ಲಿರುವ ಆಸನಗಳಿಗಿಂತ ಹೆಚ್ಚು ಟಿಕೆಟ್‌ಗಳನ್ನು ಮಾರುವ ಪದ್ಧತಿಯನ್ನು ಅಧಿಕ ಕಾಯ್ದಿರಿಸುವಿಕೆ ಅಥವಾ ಓವರ್‌ಬುಕಿಂಗ್ ಎನ್ನುತ್ತಾರೆ. ಟಿಕೆಟ್ ಪಡೆದ ಕೆಲವರು ಬಾರದೆ ಆಸನಗಳು ಖಾಲಿ ಉಳಿಯುವ ನಷ್ಟವನ್ನು ತಪ್ಪಿಸುವುದು ಇದರ ಉದ್ದೇಶ. ಎಲ್ಲರೂ ಬಂದಾಗ ಕೆಲವರು ಹಿಂದುಳಿಯಬೇಕಾಗುತ್ತದೆ.

ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಸಂಸ್ಥೆಯು ಮೊದಲು ಸ್ವಇಚ್ಛೆಯಿಂದ ಆಸನ ಬಿಟ್ಟುಕೊಡುವವರನ್ನು ಕೇಳಬೇಕು. ಸಕಾಲಕ್ಕೆ ಹಾಜರಾದ ಪ್ರಯಾಣಿಕರಿಗೆ ಒಪ್ಪಿಗೆಯಿಲ್ಲದೆ ಪ್ರವೇಶ ನಿರಾಕರಿಸಿದರೆ, 2016ರ ಆಗಸ್ಟ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪರಿಹಾರ ಹೀಗಿದೆ:

* ಮೂಲ ವೇಳೆಯಿಂದ 1 ಗಂಟೆಯೊಳಗೆ ಹೊರಡುವ ಬದಲಿ ವಿಮಾನ: ಪರಿಹಾರವಿಲ್ಲ.
* 24 ಗಂಟೆಯೊಳಗೆ: ಏಕಮುಖ ಮೂಲದರ ಮತ್ತು ಇಂಧನ ಶುಲ್ಕದ ಶೇ. 200, ಗರಿಷ್ಠ 10,000 ರೂ.
* ಅದನ್ನು ಮೀರಿದರೆ: ಶೇ. 400, ಗರಿಷ್ಠ 20,000 ರೂ.
* ಬದಲಿ ವಿಮಾನ ಬೇಡವೆಂದರೆ: ಟಿಕೆಟಿನ ಪೂರ್ಣ ಹಣದೊಂದಿಗೆ ಶೇ. 400, ಗರಿಷ್ಠ 20,000 ರೂ.

ಬೆಳಗಾವಿಯಂತಹ ಸಣ್ಣ ನಿಲ್ದಾಣಗಳಲ್ಲಿ ಗಂಟೆಯೊಳಗೆ ಬದಲಿ ವಿಮಾನ ದೊರೆಯುವುದು ವಿರಳವಾದ್ದರಿಂದ, ಉತ್ತರ ಕರ್ನಾಟಕದ ಪ್ರಯಾಣಿಕರಿಗೆ ಈ ನಿಯಮ ಮುಖ್ಯವಾದುದು. ಪರಿಹಾರ ದೊರೆಯದಿದ್ದಲ್ಲಿ ಏರ್‌ಸೇವಾ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಜಿಲ್ಲಾ ಗ್ರಾಹಕ ಆಯೋಗದ ಮೊರೆಯನ್ನೂ ಹೋಗಬಹುದು.