ಮಡಿಗೆ ಪರಿಮಳ ಬಂದದ್ದು

ಮಡಿ ಎಂಬ ಮಾತಿಗೆ ಒಗೆದು ಒಣಗಿಸಿದ ಬಟ್ಟೆ ಎಂಬ ಅರ್ಥವೂ ಉಂಟು, ಆಚಾರದ ಶುದ್ಧಿ ಎಂಬ ಅರ್ಥವೂ ಉಂಟು. ಅಗಸನು ಮಡಿವಾಳನಾದದ್ದು ಈ ಮಾತಿನಿಂದಲೇ. ಎರಡರಲ್ಲಿ ಯಾವ ಅರ್ಥದಲ್ಲೂ ಪರಿಮಳದ ಸುಳಿವಿಲ್ಲ. ಮಡಿಬಟ್ಟೆ ಎಂದರೆ ಕೊಳೆ ಹೋದ ಬಟ್ಟೆ, ಅಷ್ಟೆ. ಈಗ ನಮ್ಮ ಆದಿತ್ಯನಗರದ ಅಂಗಡಿಯಲ್ಲಿ ಒಗೆಯುವ ಪುಡಿ ಕೇಳಿದರೆ, ಚೀಲದ ಮೇಲೆ ಮಲ್ಲಿಗೆಯೋ ಗುಲಾಬಿಯೋ ನಿಂಬೆಯೋ ಇರಲೇಬೇಕು. ಗಿರಾಕಿ ಅದನ್ನು ಎತ್ತಿ ಮೂಗಿಗೆ ಹಿಡಿದು, ಆಮೇಲೆ ಬೆಲೆ ಕೇಳುತ್ತಾನೆ. ಬಟ್ಟೆ ಶುಭ್ರವಾಯಿತೋ ಇಲ್ಲವೋ ಎಂದು ಹೇಳುವ ಕೆಲಸ ಕಣ್ಣಿನಿಂದ ಮೂಗಿಗೆ ಹೋಗಿಬಿಟ್ಟಿದೆ. ಇದು ಯಾವಾಗ ಆಯಿತು, ಇದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಕಾಡಲು ಕಾರಣವಿತ್ತು. ಮೊಮ್ಮಗಳ ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯ ಸುತ್ತ ಇಸುಬು. ರಾತ್ರಿಯೆಲ್ಲ ತುರಿಸಿಕೊಂಡು ಬೆಳಗಿಗೆ ರಕ್ತ. ಮುಲಾಮು ಹಚ್ಚಿದರೆ ನಾಲ್ಕು ದಿನ ತಣ್ಣಗೆ, ಆಮೇಲೆ ಮತ್ತೆ ಅದೇ. ಕಲಬುರಗಿಯ ಚರ್ಮರೋಗದ ವೈದ್ಯರು ಮಗುವಿನ ಅಂಗಿಯ ಕೊರಳಪಟ್ಟಿಯನ್ನು ಹಿಡಿದು ನೋಡಿ, ಮೂಸಿ, "ಇದನ್ನು ಯಾವುದರಲ್ಲಿ ಒಗೀತೀರಿ?" ಎಂದು ಕೇಳಿದರು. ಮದ್ದಿನ ಮಾತು ಆಮೇಲೆ ಬಂತು.

ನಾವಿರುವುದು ಸಿಮೆಂಟ್ ಕಾರ್ಖಾನೆಯ ವಸತಿಯಲ್ಲಿ. ಹತ್ತಿರದಲ್ಲೇ ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. 972ರಲ್ಲಿ ಪರಮಾರರ ಸೀಯಕ ಈ ನಗರವನ್ನು ಸೂರೆಮಾಡಿದ ಮೇಲೆ ವೈಭವವೆಲ್ಲ ಕಲ್ಯಾಣದ ಕಡೆ ಸರಿಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನು ಅನುಭವಿಸಬೇಕಾದ 20 ಉಪಭೋಗಗಳ ಭಾಗವೊಂದಿದೆ. ವಸ್ತ್ರಕ್ಕೆ ಅಲ್ಲಿ ಬೇರೆ ಅಧ್ಯಾಯ, ಮೈಗೆ ಪೂಸುವ ಗಂಧಕ್ಕೆ ಬೇರೆ, ಧೂಪಕ್ಕೆ ಬೇರೆ. ಇಷ್ಟೆಲ್ಲ ಪರಿಮಳಪ್ರಿಯನಾದ ದೊರೆಯೂ ಇವುಗಳನ್ನು ಒಂದೇ ಪಾತ್ರೆಯಲ್ಲಿ ಕಲಸಲಿಲ್ಲ ಎಂಬುದನ್ನು ಗಮನಿಸಬೇಕು. ಅವನಿಗೂ ಒಂದು ಶತಮಾನ ಮೊದಲು ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿಯೂ ಗಂಧದ್ರವ್ಯಗಳನ್ನು ಕೂಡಿಸುವ ವಿದ್ಯೆಗೆ ಅದರದೇ ಜಾಗವಿದೆ. ಕೊಳೆ ತೆಗೆಯುವುದು ಒಬ್ಬರ ಕಸುಬು, ಪರಿಮಳ ಕೂಡಿಸುವುದು ಇನ್ನೊಬ್ಬರ ವಿದ್ಯೆ.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಕೊಳೆ ತೆಗೆಯುವ ಕಸುಬಿನವನೊಬ್ಬ ಶರಣನಾದ. ದೇವರಹಿಪ್ಪರಗಿಯ ಮಡಿವಾಳ ಮಾಚಿದೇವ. ಶರಣರ ಬಟ್ಟೆಯನ್ನಲ್ಲದೆ ಬೇರೆಯವರದನ್ನು ಒಗೆಯೆನೆಂದ ಅವನ ನಿಷ್ಠೆಯ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಗಸರು ತಲೆಮಾರುಗಳಿಂದ ಬಳಸಿದ ಸಾಮಾನೂ ಸರಳವಾದದ್ದೇ: ಸವಳು ಮಣ್ಣು, ಬೂದಿಯ ತಿಳಿನೀರು, ಅಂಟವಾಳಕಾಯಿ. ಸವಳಿನಲ್ಲಿರುವುದು ಸೋಡಾ. ಅಂಟವಾಳದ ಸಿಪ್ಪೆಯಲ್ಲಿರುವ ಸಪೋನಿನ್ ನೊರೆ ಕೊಡುತ್ತದೆ. ಅಂಟವಾಳದ ನೀರಿಗೆ ಒಳ್ಳೆಯ ವಾಸನೆಯೇನೂ ಇಲ್ಲ; ಮೂಗು ಮುರಿಯುವಂಥದೇ. ಆದರೂ ರೇಷ್ಮೆಗೆ, ಉಣ್ಣೆಗೆ ಅದೇ ಬೇಕು. ಭಟ್ಟಿಯಲ್ಲಿ ಬೇಯಿಸಿ, ಬಂಡೆಗೆ ಬಡಿದು, ಹರಿಯುವ ನೀರಿನಲ್ಲಿ ಜಾಲಿಸಿ, ದಂಡೆಯ ಬಿಸಿಲಿಗೆ ಹರವಿದರೆ ಅಗಸನ ಕೆಲಸ ಮುಗಿಯಿತು. ಇಲ್ಲಿ ಹರಿಯುವ ನೀರು ಎಂಬುದೇ ಮುಖ್ಯ. ಒಂದು ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆಯುವುದಕ್ಕೂ ಹೊಳೆಯಲ್ಲಿ ಬಿಟ್ಟು ಹಿಡಿಯುವುದಕ್ಕೂ ಬಹಳ ಅಂತರ.

ಆ ಬಟ್ಟೆಗೂ ಒಂದು ವಾಸನೆಯಿತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಅದು ಬಿಸಿಲಿನದು. ಕವಿಗಳ ಮಾತು ಎಂದು ನಾನೂ ತಿಳಿದಿದ್ದೆ. ಆದರೆ 2020ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಅಳೆದೇ ನೋಡಿದೆ. ಬರಿಯ ನೀರಿನಲ್ಲಿ ತೊಳೆದ ಹತ್ತಿಯ ಟವೆಲುಗಳನ್ನು ಮನೆಯೊಳಗೆ, ನೆರಳಿನಲ್ಲಿ, ಬಿಸಿಲಿನಲ್ಲಿ ಒಣಗಿಸಿದರು. ಬಿಸಿಲಿಗೆ ಹಾಕಿದವುಗಳಲ್ಲಿ ಮಾತ್ರ ಆಲ್ಡಿಹೈಡು, ಕೀಟೋನು ಜಾತಿಯ ಹಲವು ಹಗುರ ವಸ್ತುಗಳು ಹುಟ್ಟಿದ್ದವು. ಅವುಗಳಲ್ಲಿ ಕೆಲವು ಅತ್ತರುಗಳಲ್ಲಿಯೂ ಇರುವಂಥವೇ. ಒದ್ದೆ ಬಟ್ಟೆ ಮತ್ತು ಬಿಸಿಲು ಕೂಡಿದರೆ ಪರಿಮಳ ತಾನಾಗಿ ಹುಟ್ಟುತ್ತದೆ. ನಮ್ಮ ಸೇಡಂ ಸೀಮೆಯಲ್ಲಿ ಯಾವುದಕ್ಕೆ ಬರವಿದ್ದರೂ ಬಿಸಿಲಿಗಂತೂ ಬರವಿಲ್ಲ.

ಹಳೆಯದೆಲ್ಲ ಚರ್ಮಕ್ಕೆ ಒಳ್ಳೆಯದು ಎನ್ನುವ ಪಕ್ಷ ನನ್ನದಲ್ಲ. ಯಾರ ಬಟ್ಟೆ ಯಾರದೆಂದು ತಿಳಿಯಲು ಅಗಸರು ಕೇರುಬೀಜದ ರಸದಿಂದ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಕಪ್ಪು. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಕುತ್ತಿಗೆಯ ಹಿಂದೆ, ಸೊಂಟದ ಬಳಿ ನೀರುಗುಳ್ಳೆ ಎದ್ದು ತುರಿಕೆ ಹತ್ತಿತು. ಸರಿಯಾಗಿ ಗುರುತು ತಾಗುವ ಜಾಗದಲ್ಲೇ! ಅವರ ಸೈನ್ಯದ ವೈದ್ಯರು ಇದನ್ನು ಪತ್ತೆಮಾಡಿ 1943ರಲ್ಲಿ ವೈದ್ಯಪತ್ರಿಕೆಯಲ್ಲಿ ಬರೆದರು. ಅಮೆರಿಕದ ಕಾಡಿನ ನಂಜಿನ ಬಳ್ಳಿ ಮತ್ತು ನಮ್ಮ ಕೇರು ಒಂದೇ ಕುಲದವು. ಆ ಬಳ್ಳಿಗೆ ಮೊದಲೇ ಮುನಿದಿದ್ದ ಮೈ ಇದಕ್ಕೂ ಮುನಿಯಿತು. ಉಗುರಿನಷ್ಟು ಗುರುತಿಗೆ ಇಷ್ಟು ರಂಪ. ಬಟ್ಟೆಯಲ್ಲಿ ಉಳಿದದ್ದು ಎಷ್ಟು ಕಡಿಮೆಯಾದರೂ ಮೈ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಜಿಲ್ಲೆ 1948ರವರೆಗೆ ನಿಜಾಮರ ಕೈಯಲ್ಲಿತ್ತು. ಅತ್ತರಿನ ರುಚಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರಿಗೂ ಹತ್ತಿತ್ತು. ಕಲಬುರಗಿಯ ಬಂದೇನವಾಜರ ಉರುಸಿಗೆ ಹೋದವರು ಚಿಕ್ಕ ಶೀಸೆಯಲ್ಲಿ ಅತ್ತರು ತರುವುದು ವಾಡಿಕೆ. ಅದನ್ನು ಹಾಕುತ್ತಿದ್ದ ಬಗೆ ನೋಡಿ: ಹತ್ತಿಯ ಚೂರಿಗೆ ಒಂದು ಹನಿ, ಅದು ಕಿವಿಯ ಮಡಿಕೆಯಲ್ಲಿ. ಬೇಡವಾದರೆ ತೆಗೆದು ಬಿಸಾಡಬಹುದು. ಹಾಗೆಯೇ ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ, ಸಂದೂಕದಲ್ಲಿ ಲಾವಂಚದ ಬೇರು.

ಕಾರ್ಖಾನೆಯ ಸಾಬೂನು ನಮ್ಮಲ್ಲಿಗೆ ಬಂದ ಕಥೆ ದೊಡ್ಡದು, ಇಲ್ಲಿ ಬೇಡ. ಸರ್ಫ್ 1959ರಲ್ಲಿ, ನಿರ್ಮಾ 1969ರಲ್ಲಿ ಬಂದವು. ಅಲ್ಲಿಂದ ಮುಂದೆ ಬಟ್ಟೆ ಒಗೆಯುವುದೆಂದರೆ ಪುಡಿ ಎಂದಾಯಿತು. ಪುಡಿಪುಡಿಗಳ ನಡುವೆ ಪೈಪೋಟಿ ಬಲಿತಾಗ, ಬಿಳುಪಿನಲ್ಲಿ ಹೆಚ್ಚು ಕಡಿಮೆ ಎಲ್ಲವೂ ಒಂದೇ ಆದಾಗ, ಉಳಿದದ್ದು ಪರಿಮಳ. ಕೊನೆಯ ನೀರಿಗೆ ಹಾಕುವ ದ್ರವಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವು ಬಟ್ಟೆಯ ಎಳೆಗೆ ಅಂಟಿ ಉಳಿಯಬೇಕೆಂದೇ ಮಾಡಿದವು. ಅಗಸನ ವಿದ್ಯೆ ಏನೂ ಉಳಿಯದಂತೆ ಮಾಡುವುದು, ಇದು ಉಳಿಯುವಂತೆ ಮಾಡುವುದು.

ಯುರೋಪಿನ ಒಕ್ಕೂಟ 2003ರಲ್ಲಿ ಕಾನೂನು ಮಾಡಿ, ಚರ್ಮ ಕೆರಳಿಸುವ 26 ಸುಗಂಧವಸ್ತುಗಳು ಸೌಂದರ್ಯಸಾಧನಗಳಲ್ಲಿ ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಹೆಸರು ಅಚ್ಚುಹಾಕಲೇಬೇಕೆಂದಿತು. ಮರುವರ್ಷ ಅದನ್ನು ಒಗೆಯುವ ಪುಡಿಗಳಿಗೂ ಹಬ್ಬಿಸಿತು. ಆ ಪಟ್ಟಿಯಲ್ಲಿ ನಿಂಬೆಸಿಪ್ಪೆಯ ಲಿಮೊನೀನ್, ಅನೇಕ ಹೂಗಳಲ್ಲಿರುವ ಲಿನಲೂಲ್ ಸೇರಿವೆ. ಇವು ಗಾಳಿಗೆ ಹಳತಾದಷ್ಟೂ ತುರಿಕೆ ಹೆಚ್ಚು. ಗಿಡದಿಂದ ಬಂದದ್ದು, ಆದ್ದರಿಂದ ನಿರಪಾಯ ಎಂಬ ಮಾತನ್ನು ಇಲ್ಲಿಯೇ ಬಿಡಬೇಕು.

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ, ನೀರು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಲ್ಲ ಸುಣ್ಣದಕಲ್ಲಿನ ನೆಲ. ಅದಕ್ಕೆಂದೇ ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದವು. ಆ ಕಲ್ಲಿನಲ್ಲಿ ಇಳಿದು ಬಂದ ಬೋರಿನ ನೀರು ಗಡಸು. ಸಾಬೂನು ಹಚ್ಚಿದರೆ ನೊರೆಯ ಬದಲು ಮೊಸರಿನಂಥ ಗಷ್ಟು. ಸೋಡಾ ಹೆಚ್ಚಿದ ಪುಡಿ ಹಾಕಿದರೆ ಸುಣ್ಣವೇ ಪುಡಿಯಾಗಿ ಎಳೆಗಳಲ್ಲಿ ಕೂಡುತ್ತದೆ. ಒಣಗಿದ ಟವೆಲು ಹಪ್ಪಳ. ನೊರೆ ಬರಲಿಲ್ಲವೆಂದು ಇನ್ನೊಂದು ಹಿಡಿ ಪುಡಿ, ಕಮಟು ಹೋಗಲಿಲ್ಲವೆಂದು ಇನ್ನೊಂದು ಮುಚ್ಚಳ ಪರಿಮಳ. ಆರೋಗ್ಯವಂತ ಚರ್ಮ ತುಸು ಹುಳಿಯ ಗುಣದ್ದು, ಸಾಬೂನು ಸೋಡಾ ಅದಕ್ಕೆ ವಿರುದ್ಧವಾದ ಕ್ಷಾರ. ಬೆವರಿಗೆ ಆ ಉಳಿಕೆ ಕರಗಿ, ಇಸುಬಿನ ಮೈಗೆ ಮತ್ತೆ ಮತ್ತೆ ತಾಗುತ್ತಿರುತ್ತದೆ.

ಪಾಳಿ ಮುಗಿಸಿ ಬಂದವರ ಅಂಗಿಯ ಮಾತು ಬೇರೆ. ಸಿಮೆಂಟು ತಾನೇ ಕ್ಷಾರ. ಜೊತೆಗೆ ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಒಗ್ಗದೆ ಜೀವಮಾನದ ತುರಿಕೆ ಅಂಟಿಸುತ್ತದೆ. ಆ ಅಂಗಿ ಮಗುವಿನ ಲಂಗದ ಜೊತೆ ಒಂದೇ ಬಕೆಟ್ಟಿಗೆ ಬೀಳಬಾರದು. ನಮ್ಮ ಸೊಸೆ ಇದನ್ನು ಯಾವ ವೈದ್ಯರೂ ಹೇಳುವ ಮೊದಲೇ ಮಾಡುತ್ತಿದ್ದಳು. "ಅವರ ಧೂಳು ಅವರ ಬಕೀಟಿಗೇ ಇರ್ಲಿ ಮಾಮಾ" ಎನ್ನುತ್ತಿದ್ದಳು.

ವೈದ್ಯರ ಮಾತು ಕೇಳಿ ನಮ್ಮ ಮನೆಯಲ್ಲಿ ಮಾಡಿದ್ದಿಷ್ಟು. ಪರಿಮಳವಿಲ್ಲದ ಪುಡಿ, ಅದೂ ಮೊದಲಿನ ಅರ್ಧ. ಮಗುವಿನ ಬಟ್ಟೆಗೆ ಕಾಯಿಸಿ ಆರಿಸಿ ಮೇಲಿನ ತಿಳಿ ಬಸಿದುಕೊಂಡ ನೀರು; ಕುದಿಸಿದರೆ ಗಡಸಿನ ಒಂದು ಪಾಲು ಹಂಡೆಯ ತಳಕ್ಕೆ ಬಿಳಿಯ ಪೊರೆಯಾಗಿ ಕೂಡುತ್ತದೆ. ಎರಡು ಸಲ ಜಾಲಿಸುತ್ತಿದ್ದುದು ನಾಲ್ಕು ಸಲವಾಯಿತು. ಕೊನೆಯ ಹಿಂದಿನ ನೀರಿಗೆ ಬಕೆಟ್ಟಿಗೆ ಒಂದೆರಡು ಚಮಚ ಬಿಳಿಯ ವಿನೆಗರ್, ಕ್ಷಾರ ಮುರಿಯಲು. ಬ್ಲೀಚಿಂಗ್ ಪುಡಿ ಹಾಕಿದ ಬಟ್ಟೆಗೆ ಮಾತ್ರ ಇದನ್ನು ತಾಗಿಸಲೇಬಾರದು, ವಿಷದ ಗಾಳಿ ಏಳುತ್ತದೆ. ಆಮೇಲೆ ಮಾಳಿಗೆಯ ಬಿಸಿಲು. ಧೂಳಿನ ಗಾಳಿ ಎದ್ದ ದಿನ ಒಗೆಯುವುದೇ ಇಲ್ಲ. ನೀರಿನ ಖರ್ಚಿನ ಬಗ್ಗೆ ಮನೆಯಲ್ಲಿ ಜಗಳವೂ ಆಯಿತು, ಬೇಸಿಗೆಯಲ್ಲಿ ನಾಲ್ಕು ಸಲ ಜಾಲಿಸುವುದು ಸಣ್ಣ ಮಾತಲ್ಲ. ಕೊನೆಯ ಎರಡು ನೀರನ್ನು ದೊಡ್ಡವರ ಬಟ್ಟೆ ನೆನೆಸಲು ಹಿಡಿದಿಟ್ಟ ಮೇಲೆ ಜಗಳ ಮುಗಿಯಿತು. ಇಸುಬು ಮಾಯವಾಯಿತೆಂದು ಹೇಳಲಾರೆ, ಅದು ಹುಟ್ಟುಗುಣದ ಬೇನೆ. ಮುಲಾಮು ಇನ್ನೂ ಇದೆ. ಆದರೆ ಹುಡುಗಿ ರಾತ್ರಿ ನಿದ್ದೆ ಮಾಡುತ್ತಾಳೆ.

ಸಂದೂಕಕ್ಕೆ ಪರಿಮಳ ಬೇಕೆನ್ನುವವರಿಗೆ ಲಾವಂಚವನ್ನು ಬಟ್ಟೆಗೆ ತಾಗದಂತೆ ಸಣ್ಣ ಚೀಲದಲ್ಲಿ ಕಟ್ಟಿ ಮೂಲೆಗಿಡಿ ಎನ್ನುತ್ತೇನೆ. ಡಾಂಬರು ಗುಳಿಗೆ ಮಾತ್ರ ಕೂಸಿನ ಬಟ್ಟೆಯ ಹತ್ತಿರ ಸುಳಿಯಬಾರದು. ಅದರಲ್ಲಿರುವ ನಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಕೂಸುಗಳ ರಕ್ತದ ಕೆಂಪುಕಣಗಳನ್ನು ಒಡೆಸಿ ಕಾಮಾಲೆ ತರಿಸುತ್ತದೆ. ಗುಳಿಗೆ ಹಾಕಿಟ್ಟಿದ್ದ ದುಪ್ಪಟಿಯಲ್ಲಿ ಸುತ್ತಿದರೆ ಸಾಕು. ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ಅಜ್ಜಿಯ ಸಂದೂಕದಿಂದ ತೆಗೆದ ಹಳೆಯ ಮೆತ್ತನೆ ಸೀರೆ ತೊಟ್ಟಿಲಿಗೆ ಹೋಗುವ ಮೊದಲು ಅದನ್ನು ಒಗೆದು, ಎರಡು ಮೂರು ದಿನ ಗಾಳಿಬಿಸಿಲಿಗೆ ಹರವಿ, ಮೂಸಿ ನೋಡಬೇಕು. ಗುಳಿಗೆಯ ವಾಸನೆ ಉಳಿದಿದ್ದರೆ ಮತ್ತೆ ಒಗೆಯಬೇಕು.